ಚೇಂಬರ್ ಮೂರರ ನಾನೂರ ಹನ್ನೆರಡು ಬಾಕ್ಸ್

ಜುಲೈ 7, ಸೋಮವಾರ

ನಿನ್ನೆ ಬರೆದ ಎರಡು ಪುಟ ಹರಿದು ಹಾಕಿದೆ. ಬರೀ ಗೊಣಗಾಟ. ಇವತ್ತು ಗೊಣಗಲು ನಿಜವಾದ ಕಾರಣ ಸಿಕ್ಕಿದೆ.

ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲೇ ತಿಕೋಟಾದಿಂದ ಫೋನು. ಕೋಲ್ಡ್ ಸ್ಟೋರೇಜ್ ಮಾಲೀಕ ಪರಮೇಶ್ವರ ಅವರದು. "ವಿಶಾಖಾ ಮೇಡಂ, ನಿಮ್ಮ ಕಂಪ್ಯೂಟರ್ ಒಂದ ಹೇಳತೈತಿ, ನನ್ನ ಕಣ್ಣ ಒಂದ ಹೇಳತಾವ. ಯಾವದನ್ನ ನಂಬಲಿ?" ಚೇಂಬರ್ ಮೂರರಲ್ಲಿ ಒಣದ್ರಾಕ್ಷಿಯ ಬಾಕ್ಸ್ 8,640 ಇವೆ ಎಂದು ಪರದೆ ತೋರಿಸುತ್ತಿದೆ. ಹಮಾಲರನ್ನು ಹಚ್ಚಿ ಎರಡು ಸಲ ಎಣಿಸಿದರೆ 8,228. ನಾನೂರ ಹನ್ನೆರಡು ಕಡಿಮೆ.

ಕೆಳಗಿನ ಲಾರಿ ಗ್ಯಾರೇಜಿನಲ್ಲಿ ಸುತ್ತಿಗೆ ಬಡಿಯುತ್ತಿದ್ದರು. ಅದರ ನಡುವೆ ಕಿರುಚಿ ಕಿರುಚಿ ಅವರಿಗೆ ಮತ್ತೊಮ್ಮೆ ಪಾಠ ಹೇಳಿದೆ. ನಮ್ಮ ಡೇಟಾಬೇಸಿನಲ್ಲಿ ಎಷ್ಟು ಬಾಕ್ಸ್ ಇವೆ ಎಂದು ಎಲ್ಲೂ ಬರೆದಿರುವುದಿಲ್ಲ ಸರ್. ಆದದ್ದು ಮಾತ್ರ ಇರುತ್ತದೆ. ಇಂಥ ದಿನ ಇಂಥವರ ಮಾಲು ಒಳಗೆ ಬಂತು, ಇಂಥ ದಿನ ಹೊರಗೆ ಹೋಯಿತು, ಒಂದರ ಕೆಳಗೊಂದು. ಬರೆದ ಸಾಲನ್ನು ಯಾರೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ನೀವು ಕೇಳಿದಾಗ ಮೊದಲ ಸಾಲಿನಿಂದ ಓದಿ, ಕೂಡಿಸಿ ಕಳೆದು ಉತ್ತರ ಹೇಳುತ್ತದೆ. ಅದು ಸುಳ್ಳು ಹೇಳುವುದಿಲ್ಲ.

"ಹಂಗಾದ್ರ ಸುಳ್ಳ ಹೇಳಾಕತ್ತವ್ರು ಯಾರ್ರಿ?" ಎಂದರು.

ಅದನ್ನು ನನ್ನನ್ನು ಕೇಳಿದರೆ? ಈ ವ್ಯವಸ್ಥೆಗೆ ಒಂದೂವರೆ ವರ್ಷ ತೇದಿದ್ದೇನೆ. ಜೂನ್‌ನಲ್ಲಿ ತಿಕೋಟಾದ ಹಾಳು ನೆಟ್‌ನಿಂದ ಟ್ಯಾಬ್ ಒಂದೇ ಎಂಟ್ರಿಯನ್ನು ಎರಡೆರಡು ಸಲ ಕಳಿಸುತ್ತಿತ್ತು. ಆ ಕಾಟವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದವಳು ನಾನು. ಶಾಬಾಸ್ ಅನ್ನುವುದಿರಲಿ, ಬಾಕ್ಸ್ ಕಳೆದರೂ ನನ್ನ ಹತ್ತಿರವೇ ಬರುತ್ತಾರೆ.

ನಾಳೆ ಹೋಗಬೇಕು. ನಮ್ಮ ಕಂಪನಿ ಮಾಲೀಕ ಪ್ರತಾಪ ಸರ್ ಆಗಲೇ ಬೆವರುತ್ತಿದ್ದಾರೆ. ಇನ್ನೂ ನಾಲ್ಕು ಕೋಲ್ಡ್ ಸ್ಟೋರೇಜಿನವರು ಪರಮೇಶ್ವರ ಅವರ ಮಾತು ಕೇಳಿ ನಮ್ಮ ಬಳಿ ಬರುವವರಿದ್ದಾರೆ. ಕಂಪನಿಯಲ್ಲಿ ಇರುವುದೇ ಎರಡು ಕೋಣೆ, ಬೆವರಲು ಒಬ್ಬರು, ಬೈಸಿಕೊಳ್ಳಲು ಒಬ್ಬರು.

ಜುಲೈ 8, ಮಂಗಳವಾರ

ಬಸ್ಸಿನಲ್ಲಿ ಸೀಟಿಲ್ಲ. ತಿಕೋಟಾದಲ್ಲಿ ಇಳಿದಾಗಲೇ ಅರ್ಧ ಸಿಟ್ಟು ಬಂದಿತ್ತು. ಗೇಟಿನ ಕೋಣೆಯಲ್ಲಿ ಹೆಸರು ಬರೆಯಲು ಹೋದರೆ ಕಾಲಿಗೆ ಬಾಕ್ಸ್ ತಾಗಿತು. ಬಾಗಿಲ ಬಳಿ ಮೂರು ಒಣದ್ರಾಕ್ಷಿ ಬಾಕ್ಸ್, ಮೇಲೆ ಅರಿಷಿಣ ಕುಂಕುಮ ಬೇರೆ. ಇದೇನು ಗೋದಾಮೇ ಎಂದು ಕಾವಲುಗಾರ ಬುಡ್ಡೇಸಾಬನಿಗೆ ಗದರಿದೆ. "ಅವು ಮುಂದ ಹೊಂಟಾವ್ರಿ ಮೇಡಂ" ಎಂದು ನಕ್ಕ. ಮಾಲು ಹೀಗೆ ಸಿಕ್ಕಸಿಕ್ಕಲ್ಲಿ ಇಟ್ಟರೆ ಕಳೆಯದೆ ಏನಾಗುತ್ತದೆ?

ಚೇಂಬರ್ ಮೂರರ ಒಳಗೆ ಹೊಕ್ಕೆ. ಹಲ್ಲು ಕಟಕಟ. ನೆಲದ ತುಂಬ ಉದುರಿದ ಸ್ಟಿಕ್ಕರ್. ಥಂಡಿಗೆ ಅಂಟು ನಿಲ್ಲುವುದಿಲ್ಲವಂತೆ. ಯಾವ ಬಾಕ್ಸ್ ಯಾವ ರೈತರದು ಎಂದು ಹೇಳುವವರಿಲ್ಲ. ಹಾಗಾಗಿ ಕಡಿಮೆಯಾದದ್ದು ಯಾರ ಮಾಲು ಎಂಬುದೂ ಗೊತ್ತಿಲ್ಲ. ರೈತರಿಗೆ ಫೋನ್ ಮಾಡಿ ಕೇಳೋಣ ಎಂದರೆ ಪರಮೇಶ್ವರ ಕೈ ಮುಗಿದರು. "ಮಣೂಕದ ಬಾಕ್ಸ್ ಕಡಿಮಿ ಬಿದ್ದಾವ ಅಂತ ಒಬ್ಬನ ಕಿವೀಗೆ ಬಿದ್ರ ಸಾಕ, ನಾಳಿಂದ ಒಬ್ಬರೂ ಇಲ್ಲಿ ಮಾಲ ಇಡಂಗಿಲ್ರಿ."

ಎಂಟ್ರಿ ಮಾಡುವ ಹುಡುಗಿಯನ್ನು ಕರೆಸಿದರು. ಅರಕೇರಿಯಿಂದ ಬರುತ್ತಾಳೆ. ಹೊರಗೆ ಹೋಗುವ ಮಾಲಿನ ಎಂಟ್ರಿಯೆಲ್ಲ ಇವಳೊಬ್ಬಳದೇ.

"ಎಂಟ್ರಿ ಎಲ್ಲಾ ಹೊಡದೀನ್ರಿ ಮೇಡಂ. ಒಂದೂ ಬಿಟ್ಟಿಲ್ರಿ."

"ಹೊಡೆದಿದ್ದರೆ ಸಿಸ್ಟಮ್‌ನಲ್ಲಿ ಕಾಣಬೇಕಲ್ಲ?"

"ಕಾಣಬೇಕ್ರಿ. ಯಾಕ ಕಾಣವಲ್ದು ನಂಗೇನ ಗೊತ್ರಿ? ನೀವ ನೋಡ್ರಿ."

ನೋಡಿದೆ. ಅವಳೆದುರಿಗೇ ಲ್ಯಾಪ್‌ಟಾಪ್ ತೆಗೆದು ಎಣಿಸಿದ ದಿನದ ಲೆಕ್ಕ ನೋಡಿದೆ. 8,640. ಪರಮೇಶ್ವರ ನನ್ನ ಮುಖ ನೋಡಿದರು. ಸಿಸ್ಟಮ್‌ನಲ್ಲಿ ಇಲ್ಲವೆಂದರೆ ಹೊಡೆದಿಲ್ಲ ಎಂದೇ ಅರ್ಥ ಸರ್, ಎಂದೆ. ಇದ್ದದ್ದನ್ನು ಇದ್ದಂತೆ ಹೇಳಿದೆ.

ಜುಲೈ 10, ಗುರುವಾರ

ಇಡೀ ಘಟನೆಗಳ ಪಟ್ಟಿಯನ್ನು ಮೊದಲಿಂದ ಓಡಿಸಿದೆ. ಇದಕ್ಕೆ ರಿಪ್ಲೇ ಎನ್ನುತ್ತೇವೆ. ಏಪ್ರಿಲ್‌ನ ಮೊದಲ ಬಾಕ್ಸಿನಿಂದ ಹಮಾಲರು ಎಣಿಸಿದ ಹೊತ್ತಿನವರೆಗೆ. ಉತ್ತರ 8,640, ವ್ಯತ್ಯಾಸ ಅದೇ ನಾನೂರ ಹನ್ನೆರಡು. ಆಮೇಲೆ ಹೊಸ ಯಂತ್ರದಲ್ಲಿ ಓಡಿಸಿದೆ. ಅದೇ. ಮೂರನೇ ಸಲ, ಅದೇ.

ಪ್ರತಾಪ ಸರ್ ಹೆಗಲ ಮೇಲಿಂದ ಬಗ್ಗಿ, "ಒಂದ ಅಂಕಿ ತಿದ್ದಾಕ ಇಷ್ಟ ರಾದ್ಧಾಂತ ಯಾಕ ವಿಶಾಖಾ? ನಾನೂರ ಹನ್ನೆರಡು ಕಳದು ಬಿಡು, ಮುಗೀತಲ್ಲ" ಎಂದರು. ಕಳೆಯಲು ಅಲ್ಲಿ ಅಂಕಿಯೇ ಇಲ್ಲ ಎಂದು ಹದಿನೆಂಟು ತಿಂಗಳಿಂದ ಹೇಳುತ್ತಿದ್ದೇನೆ. ಗೋಡೆಗೆ ಹೇಳಿದ್ದರೆ ಇಷ್ಟೊತ್ತಿಗೆ ಗೋಡೆ ಕೋಡ್ ಬರೆಯುತ್ತಿತ್ತು.

ಮೂರು ಸಲವೂ ಒಂದೇ ಉತ್ತರ ಬಂದ ಮೇಲೆ ನನ್ನ ಕಡೆಯಿಂದ ತಪ್ಪಿಲ್ಲ. ಹಾಗೆಂದು ತಿಕೋಟಾಕ್ಕೆ ಮೇಲ್ ಕಳಿಸಿದೆ.

ಜುಲೈ 11, ಶುಕ್ರವಾರ

ಆ ಹುಡುಗಿಯದೇ ಕೆಲಸ. ಇನ್ನು ಯೋಚಿಸಲಾರೆ.

ಜುಲೈ 14, ಸೋಮವಾರ

ಇವತ್ತು ತಿಕೋಟಾಕ್ಕೆ ಹೋಗಬಾರದಿತ್ತು.

ಹತ್ತೂವರೆಗೆ ಹಮಾಲರು ಚಹಾಕ್ಕೆ ಕೂಡುತ್ತಾರೆ. ಎಲ್ಲರೂ ಇದ್ದ ಹೊತ್ತಿಗೇ ಪರಮೇಶ್ವರ ಆ ಹುಡುಗಿಯನ್ನು ಕರೆದು, ಚೀಲ ತೋರಿಸು ಎಂದರು. ನಾನೂರ ಹನ್ನೆರಡು ಬಾಕ್ಸ್ ಕೈಚೀಲದಲ್ಲಿ ಹೋಗುತ್ತವೆಯೇ? ಅದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಚೀಲವನ್ನು ಮೇಜಿನ ಮೇಲೆ ಬೋರಲು ಮಾಡಿದಳು. ಬುತ್ತಿ ಡಬ್ಬಿ, ಬಾಚಣಿಗೆ, ಬಸ್ ಪಾಸು, ಅರ್ಧ ಹೆಣೆದ ಉಲ್ಲನ್ ಕೈಗವಸು. ಒಂದು ಕೈಯದು ಮುಗಿದಿತ್ತು, ಇನ್ನೊಂದರಲ್ಲಿ ಬೆರಳುಗಳು ಇನ್ನೂ ಬಂದಿರಲಿಲ್ಲ. ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಪರದೆಯ ಮೇಲೆ ಏನಿತ್ತು ಎಂದು ಈಗ ನೆನಪಿಲ್ಲ.

"ನಾ ನಾಳಿಂದ ಬರೂದ ಬ್ಯಾಡೇನ್ರಿ?" ಎಂದು ಕೇಳಿದಳು. ಬರುವ ಸೋಮವಾರ ತೀರ್ಮಾನ ಹೇಳುತ್ತೇನೆ, ಅಲ್ಲಿಯತನಕ ಮನೆಯಲ್ಲಿರು, ಪೊಲೀಸರವರೆಗೆ ಹೋಗುವಂತೆ ಮಾಡಬೇಡ ಎಂದರು ಪರಮೇಶ್ವರ. ಅವಳು ಎಲ್ಲವನ್ನೂ ಒಂದೊಂದಾಗಿ ಚೀಲಕ್ಕೆ ತುಂಬಿದಳು. ನನ್ನ ಬಳಿ ಬಂದು ನಿಂತಳು.

"ಮೇಡಂ, ಆದದ್ದೆಲ್ಲಾ ಅದರಾಗ ಉಳೀತೈತಿ ಅಂದಿದ್ರಿ. ನಾ ಹೊಡದದ್ದ ಎಲ್ಲಿ ಹೋತ್ರಿ?"

ಲ್ಯಾಪ್‌ಟಾಪ್ ಮುಚ್ಚಿದೆ. ಅವಳ ಹೆಸರು ಸುವರ್ಣಾ. ಲಾಗಿನ್‌ನಲ್ಲಿ ದಿನಾ ನೋಡುತ್ತಿದ್ದೆ.

ಜುಲೈ 15, ಮಂಗಳವಾರ

ಅವ್ವ ಊಟಕ್ಕೆ ಬಡಿಸುತ್ತ, ಯಾಕೆ ಮುಖ ಹಾಗಿದೆ ಎಂದಳು. ಹೇಳಿದೆ. ಪೂರ್ತಿ ಕೇಳಿ, "ಆಕಿ ಹೊಡದೀನಿ ಅಂದಾಳ, ನೀ ಹೊಡದಿಲ್ಲ ಅಂದಿ. ಆಕಿ ಬರದದ್ದ ನೀ ನೋಡೀ ಏನ?" ಎಂದಳು.

"ಸುಮ್ನಿರ ಬೇ. ಮೂರ ಸಲ ಓಡಿಸೇನಿ."

"ಓಡಿಸಿದ್ದ ಕೇಳಿಲ್ಲವಾ. ನೋಡೀ ಏನ ಅಂದೆ."

ಏಳನೇ ತರಗತಿಗೆ ಸಾಲಿ ಬಿಟ್ಟ ಚಂದ್ರಾಬಾಯಿ ನನಗೆ ಡೇಟಾಬೇಸ್ ಕಲಿಸುತ್ತಾಳೆ. ಅರ್ಧಕ್ಕೆ ಎದ್ದೆ. ರೊಟ್ಟಿ ಚೆನ್ನಾಗಿತ್ತು, ಅದೂ ಹಾಳು.

ಜುಲೈ 16, ಬುಧವಾರ

ಬಬಲೇಶ್ವರ. ಅಲ್ಲಿ ಪರಮೇಶ್ವರ ಅವರ ಬುಕಿಂಗ್ ಆಫೀಸಿಗೆ ಹೊಸ ಟ್ಯಾಬ್ ಕೂಡಿಸುವುದಿತ್ತು. ಸುವರ್ಣಾ ಇಲ್ಲದ್ದಕ್ಕೆ ಎಂಟ್ರಿ ಕೆಲಸವೂ ನನ್ನ ತಲೆಗೇ. ನಿಡೋಣಿಯ ಮಲಕಾಜಪ್ಪ ಎಂಬ ರೈತರು ಬಂದು ಬೆಂಚಿನ ಮೇಲೆ ಕೂತರು. ಎತ್ತರದ ಆಳು, ಹೆಗಲ ಮೇಲೆ ಟವೆಲ್, ಯಾವ ಅವಸರವೂ ಇಲ್ಲ.

"ನನ್ನವು ನಲವತ್ತ ಬಾಕ್ಸ್ ಅದಾವ್ರಿ ತಿಕೋಟಾದಾಗ. ನಾಳಿ ಒಂದ ಹೊರಗ ತಗೀರಿ. ಶುಕ್ರವಾರ ಮೂವತ್ತೊಂಬತ್ತು."

ನನಗೆ ರೇಗಿತು. ತೆಗೆದರೆ ಒಂದೇ ಸಲ ತೆಗೆಯಬಾರದೇ, ಎರಡೆರಡು ಎಂಟ್ರಿ ಯಾಕೆ ಎಂದೆ.

ಮುದುಕರು ನನ್ನನ್ನು ಕನಿಕರದಿಂದ ನೋಡಿದರು. "ವ್ಯಾಪಾರಿ ಲಾರಿ ಬರೂದ ಮಂಗಳವಾರ, ಶುಕ್ರವಾರ. ಅವೆರಡೂ ದಿನ ಲಕ್ಷ್ಮೀನ್ನ ಹೊರಗ ಹಾಕತಾರೇನವಾ? ಅದಕ್ಕ ಹಿಂದಿನ ದಿನಾನ ಒಂದ ಬಾಕ್ಸ್ ಹೊರಗ ತಗದು ಬುಡ್ಡೇಸಾಬನ ಖೋಲ್ಯಾಗ ಇಡೂದು. ಪರಸ್ತಾನ ಇಟ್ಟಂಗಾತು. ಮಾಲೆಲ್ಲಾ ಗುರುವಾರನ ಹೊಂಟೈತಿ ಅಂತ ಲೆಕ್ಕ. ಶುಕ್ರವಾರ ಹೋಗೂದು ಬರೇ ಅದರ ಹಿಂದಿಂದು."

"ಎಲ್ಲರೂ ಹೀಗೇ ಮಾಡುತ್ತಾರಾ?"

"ಎಲ್ಲಾರೂ ಅಲ್ಲ. ವಾರ ನೋಡವ್ರು ಮಾಡತಾರ. ಆ ಅರಕೇರಿ ಹುಡುಗಿ ಭಾಳ ಶಾಣ್ಯಾಕಿ. ಗುರುವಾರ ಒಂದ, ಶುಕ್ರವಾರ ಉಳದದ್ದು, ಬರೋಬ್ಬರಿ ಹೊಡೀತಿದ್ಲು. ಎಲ್ಲಿ ಹೋಗ್ಯಾಳ ಆಕಿ?"

ನಮ್ಮ ಮನೆಯಲ್ಲಿ ವಾರ ನೋಡುವುದಿಲ್ಲ. ಅಜ್ಜ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಪಂಚಾಂಗವನ್ನು ಮನೆಯಿಂದ ಹೊರಗೆ ಹಾಕಿದ್ದನಂತೆ. ಶುಕ್ರವಾರ ಏನು ಬೇಕಾದರೂ ಕೊಡುತ್ತೇವೆ. ಹಾಗಾಗಿ ಇಂಥದೊಂದು ಇದೆ ಎಂದು ನನಗೆ ಹೊಳೆಯಲೂ ಸಾಧ್ಯವಿರಲಿಲ್ಲ. ಇದು ಸಮಜಾಯಿಷಿಯಲ್ಲ. ಅಥವಾ ಸಮಜಾಯಿಷಿಯೇ ಇರಬಹುದು. ಬಸ್ಸಿನಲ್ಲಿ ಕೂತು ನನ್ನ ಕೋಡ್ ನೆನಪಿಸಿಕೊಂಡೆ.

ಜೂನ್‌ನಲ್ಲಿ ನಾನು ಬರೆದ ನಿಯಮ: ಒಬ್ಬರದೇ ಮಾಲು, ಅದೇ ಕ್ರಿಯೆ, ಎರಡು ದಿನದೊಳಗೆ ಮತ್ತೆ ಬಂದರೆ ಅದು ಟ್ಯಾಬ್ ಎರಡನೇ ಸಲ ಕಳಿಸಿದ್ದು, ಓದುವಾಗ ಬಿಟ್ಟುಬಿಡು.

ಜುಲೈ 17, ಗುರುವಾರ

ಎಂಟಕ್ಕೇ ಆಫೀಸಿಗೆ ಹೋಗಿ ಮೂಲ ಪಟ್ಟಿ ತೆರೆದೆ. ನನ್ನ ಕೋಡ್ ಓದಿ ಹೇಳುವ ಉತ್ತರವನ್ನಲ್ಲ, ಸುವರ್ಣಾ ಹೊಡೆದ ಸಾಲುಗಳನ್ನೇ ಕಣ್ಣಿನಿಂದ ಓದಿದೆ. ಎಲ್ಲ ಇದ್ದವು. ಸೋಮವಾರ 1, ಮಂಗಳವಾರ 34. ಗುರುವಾರ 1, ಶುಕ್ರವಾರ 27. ಎರಡನೆಯದನ್ನು ನನ್ನ ನಿಯಮ ನಕಲು ಎಂದು ಬಿಡುತ್ತ ಹೋಗಿದೆ. ಹನ್ನೆರಡು ಜನ ರೈತರ ಮಾಲು. ನಿಜವಾದ ನಕಲು ಬದಿಗಿಟ್ಟು, ಎಣಿಸಿದ ದಿನದವರೆಗೆ ಬಿಟ್ಟದ್ದನ್ನೆಲ್ಲ ಬೆರಳಿಟ್ಟು ಕೂಡಿಸಿದೆ. ನಾನೂರ ಹನ್ನೆರಡು.

ಬಾಕ್ಸಿನ ಸಂಖ್ಯೆ ಹೋಲಿಸಿದ್ದರೂ ಸಾಕಿತ್ತು. ಎರಡನೇ ಸಲ ಬಂದದ್ದರಲ್ಲಿ ಆಗೊಮ್ಮೆ ಈಗೊಮ್ಮೆ ಸಂಖ್ಯೆ ಖಾಲಿ ಇರುತ್ತಿತ್ತು ಎಂದು ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ಪ್ರತಿ ಎಂಟ್ರಿಗೂ ಅದರದೇ ಗುರುತಿನ ನಂಬರ್ ಕೊಡುವುದು ಸರಿಯಾದ ದಾರಿ ಎಂದು ಗೊತ್ತಿತ್ತು. ಅದಕ್ಕೆ ನಾಲ್ಕು ದಿನ ಬೇಕಿತ್ತು. ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಮೂರು ಸಲ ಓಡಿಸಿ ಮೂರು ಸಲವೂ ಅದೇ ತಪ್ಪು ನಿಯಮದಿಂದ ಓದಿದ್ದೆ. ಅವ್ವನ ಮುಖ ಹೇಗೆ ನೋಡಲಿ?

ಪ್ರತಾಪ ಸರ್‌ಗೆ ಹೇಳಿದೆ. ಅವರ ಮುಖ ಅರಳಿತು. "ಅಯ್ಯ, ಛಲೋ ಆತಲ್ಲ! ಆ ನಿಯಮ ತಗದ ಹಾಕು, ಮತ್ತ ಓಡಿಸು, ಸರಿ ಅಂಕಿ ಬರತೈತಿ. ನೆಟ್ ತೊಂದ್ರಿ ಇತ್ತು, ಈಗ ಸರಿ ಆಗೇತಿ ಅಂತ ಹೇಳೂಣು."

"ಮತ್ತ ಸುವರ್ಣಾ?"

"ಆಕಿನೂ ಕೆಲಸಕ್ಕ ಬರ್ತಾಳ. ಯಾರಿಗೂ ಲುಕ್ಸಾನ ಇಲ್ಲ. ನೀ ತಪ್ಪ ಮಾಡೀದಿ ಅಂತ ಬೋರ್ಡ್ ಬರಸಿ ಹಾಕಬೇಕೇನ? ಆ ನಾಲ್ಕ ಮಂದಿ ಓಡಿ ಹೋಗತಾರ."

ಕೆಟ್ಟದ್ದೆಂದರೆ, ಅವರು ಹೇಳಿದ್ದು ಸಾಧ್ಯ. ಬಾಕ್ಸ್ ಬಂದದ್ದು, ಹೋದದ್ದು, ಜಾಗ ಬದಲಿಸಿದ್ದು, ಎಲ್ಲವೂ ಆ ಪಟ್ಟಿಯಲ್ಲಿ ಉಳಿಯುತ್ತದೆ. ಓದುವ ಕೋಡ್ ತಪ್ಪಿತ್ತು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ನಿಯಮ ತಿದ್ದಿ ಮತ್ತೆ ಓಡಿಸಿದರೆ, ಪರದೆ ಎಂದೂ ತಪ್ಪು ಹೇಳಿಯೇ ಇರಲಿಲ್ಲವೇನೋ ಎಂಬಂತೆ ಆಗುತ್ತದೆ. ಎಲ್ಲರ ತಪ್ಪಿಗೂ ಜಾಗ ಮಾಡಿ, ನನ್ನದಕ್ಕೆ ಮಾತ್ರ ಜಾಗ ಬಿಟ್ಟಿರಲಿಲ್ಲ. ಒಂದೂವರೆ ವರ್ಷ ಇದನ್ನೇ ಹೊಗಳಿಕೊಂಡು ತಿರುಗಿದ್ದೆ.

ಹನ್ನೊಂದನೇ ತಾರೀಖಿನ ಪುಟ ಹರಿಯೋಣವೆಂದು ತೆಗೆದೆ. ಇರಲಿ ಬಿಡು.

ಜುಲೈ 18, ಶುಕ್ರವಾರ

ಪರಮೇಶ್ವರ ಅವರಿಗೆ ಎದುರಿಗೇ ಹೇಳಿದೆ. ತಪ್ಪು ನನ್ನದು, ಅವಳ ಪ್ರತಿ ಎಂಟ್ರಿಯೂ ಸರಿ ಇದೆ, ಬಾಕ್ಸ್ ಒಂದೂ ಕಳೆದಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿ, ಬದುಕಿದೆ ಎಂದರು. ಆಮೇಲೆ, "ಆ ಹುಡುಗೀಗೆ ಫೋನ್ ಮಾಡಿ ಬಾ ಅಂತೇನಿ. ಹಿಂದಿಂದು ತಗದ ಕೂಡೂದು ಬ್ಯಾಡ" ಎಂದರು.

ಪ್ರತಾಪ ಸರ್ ಮಾತಾಡಿದ ಹಾಗೆಯೇ. ಎಲ್ಲರಿಗೂ ನಿರಾಳ. ನಾನು ಆಫೀಸಿಗೆ ಬಂದು, ನನ್ನ ತಪ್ಪಿಗೂ ಆ ಪಟ್ಟಿಯಲ್ಲಿ ಒಂದು ಜಾಗ ಮಾಡಿದೆ.

ಜುಲೈ 19, ಶನಿವಾರ

ಅರಕೇರಿಗೆ ಹೋಗಿದ್ದೆ. ಸುವರ್ಣಾಳ ಅವ್ವ ಭೀಮಾಬಾಯಿ ನೀರು ಕೊಟ್ಟರು. ಚಹಾ ಮಾಡಲಾ ಎಂದು ಕೇಳಲಿಲ್ಲ. ಸುವರ್ಣಾ ಜಗುಲಿಯ ಮೇಲೆ ಕೈಗವಸು ಹೆಣೆಯುತ್ತಿದ್ದಳು, ಮೂರು ಬೆರಳು ಬಂದಿದ್ದವು. ಪೂರ್ತಿ ಹೇಳಿ, ತಪ್ಪಾಯಿತು ಎಂದೆ. ಅವಳು ಕಡ್ಡಿ ನಿಲ್ಲಿಸಲಿಲ್ಲ.

"ಸಾಹುಕಾರ್ರ ಫೋನ್ ಬಂದಿತ್ರಿ. ಬಾ ಅಂದಾರ. ಇಲ್ಲಿ ಊರಾಗ ಮಂದಿ ಕೇಳಾಕತ್ತಾರ, ಯಾಕ ಬಿಡಿಸಿದ್ರು ಅಂತ. ಅವ್ರಿಗೆ ಏನ ಹೇಳಲಿ? ನೆಟ್ ಹೋಗಿತ್ತು ಅನ್ನಲೇನ್ರಿ?"

"ಇಲ್ಲ. ನನ್ನ ತಪ್ಪು ಎಂದು ಹೇಳು."

"ನಾ ಹೇಳಿದ್ರ ಯಾರ ನಂಬತಾರ್ರಿ? ನಾ ಹೊಡದೀನಿ ಅಂದಾಗ ನೀವ ನಂಬಲಿಲ್ಲ." ಒಂದು ಸಾಲು ಹೆಣೆದಳು. "ಸೋಮವಾರ ಹತ್ತೂವರೆಗೆ ಬರ್ತೀನಿ. ಹಮಾಲ್ರು ಚಹಾಕ್ಕ ಕೂಡೂ ಟೈಮಿಗೆ. ನೀವೂ ಬರ್ರಿ."

ವಾಪಸ್ಸು ಬರುವಾಗ ಬಿಸಿಲು, ಧೂಳು, ಬಸ್ಸು ತಡ. ಯಾರ ಮೇಲೂ ಸಿಟ್ಟು ಬರಲಿಲ್ಲ. ಜ್ವರ ಬರುವುದಿದೆಯೋ ಏನೋ.

ಜುಲೈ 21, ಸೋಮವಾರ

ಹತ್ತೂವರೆ. ಹಮಾಲರು, ಬುಡ್ಡೇಸಾಬ, ಪರಮೇಶ್ವರ, ಎಲ್ಲರೂ ಇದ್ದರು. ಪ್ರತಾಪ ಸರ್‌ಗೆ ಬೆಳಗ್ಗೆಯೇ ಹೇಳಿ ಬಂದಿದ್ದೆ. ಹಾಗಾದರೆ ಇನ್ನೊಂದು ಕಡೆ ಕೆಲಸ ನೋಡಿಕೋ ಎಂದಿದ್ದರು, ಆಮೇಲೆ ಸುಮ್ಮನಾಗಿದ್ದರು. ಅದರ ಗೋಳು ನಾಳೆಗೆ.

ನಿಂತು ಹೇಳಿದೆ. ಬಾಕ್ಸ್ ಕಳೆದಿರಲಿಲ್ಲ, ಸುವರ್ಣಾ ಹೊಡೆದದ್ದೆಲ್ಲ ಸರಿ ಇತ್ತು, ಅದನ್ನು ಓದುವ ನಿಯಮವನ್ನು ನಾನು ತಪ್ಪು ಬರೆದಿದ್ದೆ, ನೋಡದೇ ಅವಳ ಮೇಲೆ ಹಾಕಿದೆ. ಟ್ಯಾಬ್‌ನಲ್ಲಿ ಹೊಸ ಸಾಲನ್ನೂ ತೋರಿಸಿದೆ: "ಓದುವ ನಿಯಮದ ತಪ್ಪು. ಜೂನ್‌ನಿಂದ ಜುಲೈ 17ರವರೆಗೆ ಚೇಂಬರ್ ಮೂರರ ಅಂಕಿ ತಪ್ಪಿತ್ತು. ತಪ್ಪು ಮಾಡಿದವರು ವಿಶಾಖಾ." ಒಬ್ಬ ಹಮಾಲ, ಬಾಕ್ಸ್ ಎರಡು ಸಲ ಎಣಿಸಿ ಬೆನ್ನು ಮುರಿದದ್ದು ಸುಮ್ಮನೇ ಆಯಿತಲ್ಲ ಎಂದ. ಎಲ್ಲರೂ ನಕ್ಕರು. ಸುವರ್ಣಾ ನಗಲಿಲ್ಲ. ಆ ಸಾಲನ್ನು ಬೆರಳಿಟ್ಟು ಓದಿದಳು.

"ಇದನ್ನ ಯಾರರ ಅಳಸಬಹುದೇನ್ರಿ?"

"ಇಲ್ಲ."

"ಸಾಹುಕಾರ್ರು?"

"ಇಲ್ಲ."

"ನೀವು?"

"ನಾನೂ ಅಳಿಸಲಾರೆ."

"ಹಂಗಾದ್ರ ಇನ್ನೊಂದ ಬಿಟ್ಟೈತ್ರಿ. ಹೋದ ಸೋಮವಾರ ನನ್ನ ಚೀಲ ನೋಡಿದ್ರಲ್ರಿ, ಅದೂ ಆಗೇತಿ. ಅದನ್ನೂ ಹೊಡೀರಿ."

ಪರಮೇಶ್ವರ ಎದ್ದರು. ಇದು ಬಾಕ್ಸಿನ ಪಟ್ಟಿ, ಇಂಥದೆಲ್ಲ ಇದರಲ್ಲಿ ಯಾಕೆ, ಬೇಡ ಮೇಡಂ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಒಳಗೆ, ಹೊರಗೆ, ಜಾಗ ಬದಲು, ದರ್ಜೆ ಬದಲು, ಇಷ್ಟಕ್ಕೇ ಅಲ್ಲಿ ನಮೂನೆ ಇತ್ತು. ನನ್ನ ತಪ್ಪಿಗೆ ಶುಕ್ರವಾರ ಐದನೆಯದನ್ನು ಮಾಡಿದ್ದೆ. ಅಲ್ಲೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆಗೆದು ಆರನೆಯದನ್ನು ಮಾಡಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಹಮಾಲರು ಚಹಾ ಮುಗಿದರೂ ಏಳಲಿಲ್ಲ, ಏಳಿ ಎಂದು ಪರಮೇಶ್ವರ ಹೇಳಲೂ ಇಲ್ಲ. ಟ್ಯಾಬನ್ನು ಸುವರ್ಣಾಳ ಕೈಗೆ ಕೊಟ್ಟೆ. ಅವಳೇ ಹೊಡೆದಳು, ನಿಧಾನಕ್ಕೆ, ಒಂದೊಂದೇ ಅಕ್ಷರ.

"ಜುಲೈ 14, ಹತ್ತೂವರೆ. ಎಲ್ಲರ ಮುಂದೆ ಸುವರ್ಣಾಳ ಚೀಲ ನೋಡಿದರು. ಏನೂ ಸಿಗಲಿಲ್ಲ."

ಕಳಿಸು ಒತ್ತಿದಳು. ನೆಟ್ ಎಂದಿನಂತೆ ಗಿರಗಿರ ತಿರುಗಿತು. ಆಮೇಲೆ ಹೋಯಿತು. ಅವಳು ಚೀಲವನ್ನು ಮೊಳೆಗೆ ಹಾಕಿ, ಎರಡೂ ಕೈಗೆ ಗವಸು ತೊಟ್ಟು ಚೇಂಬರ್ ಕಡೆ ನಡೆದಳು. ನಾಳೆಯ ಲಾರಿಗೆ ಎರಡು ಬಾಕ್ಸ್ ಮುಂದಾಗಿ ಹೊರಗೆ ತೆಗೆಯುವುದಿತ್ತು.

ಮಧ್ಯಾಹ್ನ ಆಫೀಸಿಗೆ ಬಂದು ಮೂಲ ಪಟ್ಟಿ ತೆರೆದೆ. ಆ ಸಾಲು ಎರಡು ಸಲ ಬಂದಿದೆ. ಟ್ಯಾಬ್ ಮತ್ತೆ ಎರಡು ಸಲ ಕಳಿಸಿದೆ. ಗುರುತಿನ ನಂಬರ್ ಹಚ್ಚುವ ಕೆಲಸ ಇವತ್ತೇ ಶುರು ಮಾಡಿದೆ, ನಾಲ್ಕು ದಿನ ಬೇಕು. ಅದು ಮುಗಿದ ಮೇಲೆ ಇಂಥ ನಕಲುಗಳೆಲ್ಲ ಓದುವಾಗ ಬಿಟ್ಟುಹೋಗುತ್ತವೆ.

ಈ ಒಂದನ್ನು ಬಿಡಬಾರದು ಎಂದು ಬರೆದಿಟ್ಟೆ. ಎರಡು ಸಲವೂ ಓದಲಿ.